ಹಳೆಯ ಕಾರು: ಹೊಸದು ಮಾಡುವುದೆ, ಉಳಿಸುವುದೆ?

ಹಳೆಯದೊಂದು ಮೋಟಾರು ಕಾರನ್ನು ಮನೆಯ ಷೆಡ್ಡಿನಲ್ಲಿಟ್ಟುಕೊಂಡು, ರಜೆಯ ದಿನಗಳನ್ನೆಲ್ಲ ಅದರ ಅಡಿಯಲ್ಲಿ ಮಲಗಿ ಕಳೆಯುವವರನ್ನು ಕಂಡರೆ ಜನರು ನಗುವುದುಂಟು. ಕೈಗೆ ಎಣ್ಣೆ, ಬಟ್ಟೆಗೆ ಮಸಿ, ಖರ್ಚಿಗೆ ಮಿತಿಯಿಲ್ಲ. ಇಷ್ಟು ಪಾಡುಪಟ್ಟರೂ ಆ ಕಾರು ಇಂದಿನ ಅಗ್ಗದ ಕಾರಿನಷ್ಟು ನೆಮ್ಮದಿಯಿಂದ ಓಡುವುದಿಲ್ಲ. “ಇದೇ ಹಣಕ್ಕೆ ಹೊಸದನ್ನೇ ಕೊಳ್ಳಬಹುದಾಗಿತ್ತಲ್ಲ?” ಎಂದು ನೆರೆಯವರು ಕೇಳುವರು. ಪ್ರಶ್ನೆಯೇನೋ ನ್ಯಾಯವಾದುದೇ. ಹಳೆಯ ಕಾರಿನ ಅಂದ, ಅದರ ಅಪರೂಪತೆ, ಮುಂದೆ ಬರಬಹುದಾದ ಬೆಲೆ ಎಂಬ ಉತ್ತರಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಇವುಗಳಲ್ಲಿ ಯಾವುದೂ ನಮಗೆ ಸಮರ್ಪಕವೆಂದು ತೋರುವುದಿಲ್ಲ. ಈ ಹವ್ಯಾಸಕ್ಕೆ ಇವಕ್ಕಿಂತ ಬಲವಾದ ಸಮರ್ಥನೆಯೊಂದು ಇದೆ. ಆದರೆ ಆ ಸಮರ್ಥನೆ ಎಲ್ಲ ಬಗೆಯ ಜೀರ್ಣೋದ್ಧಾರಕ್ಕೂ ಸಲ್ಲುವುದಿಲ್ಲ. ಇದನ್ನು ನಮ್ಮ ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಾರನ್ನೇ ಎದುರಿಗೆ ಇಟ್ಟುಕೊಳ್ಳೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ ಮಾರಿಸ್ ಗ್ಯಾರೇಜಸ್ ಎಂಬ ಸಂಸ್ಥೆಯಿತ್ತು. ಆ ಹೆಸರಿನ ಮೊದಲ ಅಕ್ಷರಗಳಿಂದಲೇ ಎಂ.ಜಿ. ಎಂಬ ಕಾರುಗಳಿಗೆ ಹೆಸರು ಬಂದಿತು. 1929ರಿಂದ ಇವು ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾಗತೊಡಗಿದವು. ಅಲ್ಲಿಂದ 1962ರಲ್ಲಿ ಎಂ.ಜಿ.ಬಿ. ಎಂಬ ಕ್ರೀಡಾ ಕಾರು ಹೊರಬಂದಿತು. ಇಬ್ಬರು ಕೂರುವ ಆಸನ, ಮಡಿಸಿಡಬಹುದಾದ ಬಟ್ಟೆಯ ಮಾಡು, 1798 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಎಂಜಿನು. 1980ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೆ ಈ ಕಾರು ಮತ್ತು ಅದರ ಪ್ರಭೇದಗಳು ಐದು ಲಕ್ಷಕ್ಕೂ ಮೀರಿ ತಯಾರಾದವು. ಅದರ ಎಂಜಿನು ನಮಗೆ ತೀರ ಅಪರಿಚಿತವೂ ಅಲ್ಲ. ನಮ್ಮ ಅಂಬಾಸಡರ್ ಕಾರಿನಲ್ಲಿ ಬಹುಕಾಲ ದುಡಿದ 1489 ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನು ಇದೇ ಮನೆತನಕ್ಕೆ ಸೇರಿದುದು. ಕ್ರೀಡಾ ಕಾರೆಂಬ ಹೆಸರಿದ್ದರೂ ಎಂ.ಜಿ.ಬಿ. ಅರಸರ ಕಾರಲ್ಲ. ಸಾಮಾನ್ಯ ಸಂಬಳದವರೂ ಕೊಳ್ಳಬಹುದಾಗಿದ್ದ, ಸಾಮಾನ್ಯ ಉಪಕರಣಗಳಿಂದ ಬಿಚ್ಚಿ ಜೋಡಿಸಬಹುದಾದ ಕಾರು. ಇಂದು ಹವ್ಯಾಸಿಗಳ ಕೈಯಲ್ಲಿ ಅದು ಬಹಳವಾಗಿ ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣ.

ಇಂಥ ಕಾರೊಂದನ್ನು ಕೊಂಡವನಿಗೆ ಮೊದಲು ಎದುರಾಗುವ ಶತ್ರು ತುಕ್ಕು. ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ಗಾಳಿ ಮತ್ತು ನೀರು ಎರಡೂ ಬೇಕೆಂಬುದನ್ನು ಪ್ರೌಢಶಾಲೆಯಲ್ಲಿ ಮೊಳೆ ಹಾಕಿದ ಮೂರು ಪ್ರನಾಳಗಳ ಪ್ರಯೋಗದಿಂದ ನಾವೆಲ್ಲರೂ ಕಲಿತಿದ್ದೇವೆ. ಬ್ರಿಟನ್ನಿನಲ್ಲಿ ಚಳಿಗಾಲದ ಮಂಜುಗಡ್ಡೆಯನ್ನು ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವರು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವುದರಿಂದ ತುಕ್ಕಿನ ವಿದ್ಯುದ್ರಾಸಾಯನಿಕ ಕ್ರಿಯೆ ಇನ್ನಷ್ಟು ಚುರುಕಾಗುವುದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಎರಡು ತಗಡುಗಳು ಕೂಡಿರುವೆಡೆಯಲ್ಲಿ ಅದು ಒಳಗಿನಿಂದಲೇ ಬೆಣೆಯಂತೆ ಅವುಗಳನ್ನು ಬಿಡಿಸುವುದು. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಲೋಹ ಪುಡಿಯಾಗಿರಬಹುದು.

ಎಂ.ಜಿ.ಬಿ.ಯಲ್ಲಿ ಈ ಕೇಡು ಹೆಚ್ಚಾಗಿ ಕಾಣಿಸುವುದು ಬಾಗಿಲುಗಳ ಅಡಿಯಲ್ಲಿ ಉದ್ದಕ್ಕೂ ಹಾದುಹೋಗುವ ಪೊಳ್ಳಾದ ತಗಡಿನ ತೊಲೆಗಳಲ್ಲಿ. ಈ ಕಾರಿಗೆ ಪ್ರತ್ಯೇಕವಾದ ಅಡಿಚೌಕಟ್ಟಿಲ್ಲ, ಮೈತಗಡೇ ಚೌಕಟ್ಟು. ಮೇಲೆ ಗಟ್ಟಿಯಾದ ಮಾಡೂ ಇಲ್ಲ. ಹೀಗಿರುವಲ್ಲಿ ಕಾರನ್ನು ಬಾಗದಂತೆಯೂ ತಿರುಚಿಕೊಳ್ಳದಂತೆಯೂ ಹಿಡಿದಿಡುವ ಹೊಣೆಯಲ್ಲಿ ಬಹುಪಾಲು ಈ ತೊಲೆಗಳದೇ ಆಗುತ್ತದೆ. ಓದುಗರು ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಂಡು, ಮುಚ್ಚಳವಿಲ್ಲದೆ ಎರಡು ಕೈಗಳಿಂದ ತಿರುಚಿ ನೋಡಲಿ. ಬಳಿಕ ಮುಚ್ಚಳವನ್ನು ಅಂಟಿಸಿ ಮತ್ತೊಮ್ಮೆ ತಿರುಚಲಿ. ಮುಚ್ಚಳವಿಲ್ಲದ ಕಾರಿನ ಕಷ್ಟ ಆಗ ಕೈಗೇ ತಿಳಿಯುವುದು. ಇದನ್ನು ಅರಿಯದ ಹೊಸಬನು ಕೊಳೆತ ತೊಲೆಯನ್ನು ಕಂಡೊಡನೆ ಕತ್ತರಿಸಿಬಿಡುತ್ತಾನೆ. ಆಧಾರವಿಲ್ಲದ ಮೈ ನಡುವೆ ಕೆಲವೇ ಮಿಲಿಮೀಟರುಗಳಷ್ಟು ಜಗ್ಗುತ್ತದೆ. ಹೊಸ ತೊಲೆಯನ್ನು ಬೆಸೆದಾದ ಮೇಲೆ ನೋಡಿದರೆ ಬಾಗಿಲು ಹಾಕಿಕೊಳ್ಳುವುದಿಲ್ಲ! ಬಲ್ಲವನು ಮೊದಲು ಬಾಗಿಲ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಊರೆಯನ್ನು ಕಟ್ಟಿ, ಅಳತೆಗಳನ್ನು ಬರೆದಿಟ್ಟುಕೊಂಡು, ಆಮೇಲೆಯೇ ಕತ್ತರಿಗೆ ಕೈ ಹಾಕುವನು. ಪುಸ್ತಕದಲ್ಲಿ ಓದಿ ಮರೆತ ಬಲವಿಜ್ಞಾನವು ಹೀಗೆ ಒಮ್ಮೆ ಕೈಯಲ್ಲಿ ಕಲಿತರೆ ಮರೆಯುವುದಿಲ್ಲ.

ಇನ್ನು ಎಂಜಿನಿನ ಬಳಿಗೆ ಬರೋಣ. ಗಾಳಿ ಮತ್ತು ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಕೊಡುವ ಕಾರ್ಬ್ಯುರೇಟರು ಎಂ.ಜಿ.ಬಿ.ಯಲ್ಲಿ ಬಹುಕಾಲ ಎಸ್.ಯು. ಎಂಬ ಜಾತಿಯದಾಗಿತ್ತು, ಒಂದು ಎಂಜಿನಿಗೆ ಎರಡು. ಅದರ ಉಪಾಯ ಬಹು ಸರಳ, ಬಹು ಜಾಣ. ಗಾಳಿ ಹಾದುಹೋಗುವ ಕೊರಳಿನೊಳಕ್ಕೆ ಮೇಲಿನಿಂದ ಕೊಂತವೊಂದು ಇಳಿದು ನಿಂತಿರುತ್ತದೆ. ಎಂಜಿನು ಹೆಚ್ಚು ಗಾಳಿಯನ್ನು ಸೆಳೆದಂತೆ ಕೊಂತದ ಮೇಲಿನ ಕೋಶದಲ್ಲಿ ಒತ್ತಡ ತಗ್ಗಿ, ಕೊಂತವು ತಾನಾಗಿ ಮೇಲೇಳುವುದು, ಕೊರಳು ಅಗಲವಾಗುವುದು. ಕೊಂತದ ಅಡಿಯಲ್ಲಿ ತುದಿಗೆ ಹೋದಂತೆ ಸಣ್ಣಗಾಗುವ ಸೂಜಿಯೊಂದಿದೆ. ಅದು ಪೆಟ್ರೋಲಿನ ರಂಧ್ರದಲ್ಲಿ ಇಳಿದಿರುತ್ತದೆ. ಕೊಂತದೊಡನೆ ಸೂಜಿಯೂ ಮೇಲೇರಿದಂತೆ ರಂಧ್ರದಲ್ಲಿ ಎಡೆ ಹೆಚ್ಚಿ, ಗಾಳಿಗೆ ತಕ್ಕಷ್ಟು ಪೆಟ್ರೋಲು ಹೊರಬರುವುದು. ಚಾಲಕನು ಥಟ್ಟನೆ ವೇಗವನ್ನು ಬಯಸಿದಾಗ ಕೊಂತವು ಹಾರಿ ಏಳದಂತೆ ಅದರ ನಡುವಿನ ಕೊಳವೆಯಲ್ಲಿ ಸ್ವಲ್ಪ ಎಣ್ಣೆಯಿರುತ್ತದೆ. ಹೀಗೆ ಕೊಂತವು ತಡೆದು ಏಳುವ ಆ ಒಂದು ಗಳಿಗೆಯಲ್ಲಿ ಮಿಶ್ರಣವು ಕೊಂಚ ಸಮೃದ್ಧವಾಗಿ, ಎಂಜಿನು ಎಡವದೆ ಮುಂದಕ್ಕೆ ನುಗ್ಗುತ್ತದೆ.

ಮಿಶ್ರಣ ಸರಿಯಾಗಿದೆಯೆ ಎಂದು ತಿಳಿಯಲು ಪ್ರಯೋಗಶಾಲೆ ಬೇಡ. ಬಿಸಿಯಾದ ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ ಕೊಂತವನ್ನು ಸುಮಾರು ಒಂದು ಮಿಲಿಮೀಟರಿನಷ್ಟು ಮೆಲ್ಲನೆ ಎತ್ತಬೇಕು. ಎಂಜಿನಿನ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ. ಎಂಜಿನು ತೊದಲಿ ನಿಲ್ಲಲು ಹೋದರೆ ಪೆಟ್ರೋಲು ಸಾಲದು. ತುಸುವೇ ಏರಿ ಮತ್ತೆ ಮೊದಲಿನ ವೇಗಕ್ಕೆ ಬಂದರೆ ಹದವಾಗಿದೆ. ಒಂದು ಬೆರಳು, ಒಂದು ಕಿವಿ — ಇವೇ ಉಪಕರಣ. ಒಂದು ಊಹೆ, ಒಂದು ಪರೀಕ್ಷೆ, ಒಂದು ತೀರ್ಮಾನ. ವಿಜ್ಞಾನದ ವಿಧಾನವೆಂದು ನಾವು ಪಾಠದಲ್ಲಿ ಹೇಳುವುದು ಇದನ್ನೇ ಅಲ್ಲವೆ?

ಇಂದಿನ ಕಾರಿನಲ್ಲಿ ಇದೇ ಕೆಲಸವನ್ನು ಹೊಗೆಕೊಳವೆಯಲ್ಲಿನ ಆಮ್ಲಜನಕ ಸಂವೇದಕವೂ ಅದರ ಮಾತು ಕೇಳುವ ಗಣಕವೂ ಎಡೆಬಿಡದೆ ಮಾಡುತ್ತಿರುತ್ತವೆ. ಅವು ಹಳೆಯ ಕೊಂತ ಸೂಜಿಗಳಿಗಿಂತ ಎಲ್ಲ ವಿಧದಲ್ಲಿಯೂ ಮೇಲು. ಪೆಟ್ರೋಲು ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ, ಮಳೆ ಚಳಿಯೆನ್ನದೆ ಎಂಜಿನು ಹೊತ್ತುತ್ತದೆ. ಇದನ್ನು ಒಪ್ಪದೆ ಹಳೆಯದನ್ನು ಹೊಗಳುವುದು ವಿಜ್ಞಾನಕ್ಕೆ ಬಗೆವ ಅಪಚಾರ. ಹಳೆಯ ಯಂತ್ರದ ಹಿರಿಮೆ ಅದು ಉತ್ತಮವಾಗಿದೆ ಎಂಬುದರಲ್ಲಿಲ್ಲ, ತನ್ನ ಕಾರ್ಯಕಾರಣಗಳನ್ನು ಕಣ್ಣಿಗೆ ಕಾಣುವಂತೆ ತೆರೆದಿಡುತ್ತದೆ ಎಂಬುದರಲ್ಲಿದೆ. ಅದು ಓದಬಹುದಾದ ಯಂತ್ರ. ಇದೇ ನಾವು ಮೊದಲು ಹೇಳಿದ ಸಮರ್ಥನೆ.

ಆದರೆ ಯಂತ್ರವನ್ನು ಗ್ರಂಥವೆಂದು ಒಪ್ಪಿದ ಮೇಲೆ ಅದರ ಹಾಳೆಗಳನ್ನು ಕಿತ್ತುಹಾಕುವುದು ಸರಿಯೆ? ಭಿನ್ನಾಭಿಪ್ರಾಯ ಹುಟ್ಟುವುದು ಇಲ್ಲಿಯೇ. 1988ರಿಂದ ಎಂ.ಜಿ.ಬಿ.ಯ ಇಡೀ ಮೈಯನ್ನೇ ಹಳೆಯ ಕಾರ್ಖಾನೆಯ ಅಚ್ಚುಗಳಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಹೊಸದಾಗಿ ಒತ್ತಿ ಮಾರತೊಡಗಿತು. ಎಂಜಿನಿನ ಭಾಗಗಳೂ ಆಸನಗಳೂ ತಂತಿಗಳೂ ಹೊಸದಾಗಿ ದೊರೆಯುತ್ತವೆ. ಹಣವಿದ್ದವನು ಬಹುಪಾಲು ಹೊಸ ಭಾಗಗಳಿಂದಲೇ ‘ಹಳೆಯ’ ಕಾರೊಂದನ್ನು ಕಟ್ಟಿ ನಿಲ್ಲಿಸಬಹುದು. ಪ್ರದರ್ಶನಗಳಲ್ಲಿ ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತಲೂ ಹೆಚ್ಚು ಹೊಳೆಯುವ ಕಾರುಗಳನ್ನು ಕಾಣಬಹುದು.

ಈ ಹೊಳಪಿನ ಮೋಹವನ್ನು ನಾವು ದೂರದಿಂದ ನೋಡಿ ದೂಷಿಸುತ್ತಿಲ್ಲ. ಕಾಲೇಜಿನ ದಿನಗಳಲ್ಲಿ ನಮ್ಮ ತಾತನವರ ಹಳೆಯ ಸೈಕಲ್ಲನ್ನು ‘ಹೊಸದು’ ಮಾಡಲು ನಾವೇ ಹೊರಟಿದ್ದೆವು. ಉಪ್ಪುಕಾಗದದಿಂದ ಉಜ್ಜಿ, ಎರಡು ಸಲ ಕಪ್ಪು ಬಣ್ಣ ಬಳಿದೆವು. ಸೈಕಲ್ಲು ಕನ್ನಡಿಯಂತೆ ಹೊಳೆಯಿತು. ತಾತನವರು ಅದನ್ನು ನೋಡಿ, ಮಡ್ಗಾರ್ಡಿನ ಮೇಲೆ ಬೆರಳಾಡಿಸಿ, “ಇಲ್ಲೊಂದು ಚಿನ್ನದ ಗೆರೆ ಇತ್ತಲ್ಲಪ್ಪ?” ಎಂದಷ್ಟೇ ಕೇಳಿದರು. ಆ ಗೆರೆಯನ್ನು ಯಾರೋ ಕುಶಲಿಯೊಬ್ಬನು ಕುಂಚ ಹಿಡಿದು ಒಂದೇ ಉಸಿರಿನಲ್ಲಿ ಎಳೆದಿದ್ದಿರಬೇಕು. ಅದರ ಪಕ್ಕದಲ್ಲಿ ಮಾರಿದ ಅಂಗಡಿಯ ಮುದ್ರೆಯೂ ಇತ್ತು. ಆ ಅಂಗಡಿ ಯಾವುದು, ಯಾವ ಊರಿನದು ಎಂಬುದನ್ನು ಹೇಳಬಲ್ಲ ಸಾಕ್ಷಿ ಅದೊಂದೇ. ಅದನ್ನು ನಮ್ಮ ಕೈಯಿಂದಲೇ ಒರೆಸಿದ್ದೆವು. ಗುಡಿಯ ಜೀರ್ಣೋದ್ಧಾರವೆಂದು ಶಾಸನದ ಕಲ್ಲಿಗೆ ಸುಣ್ಣ ಬಳಿಯುವವರನ್ನು ನಾವು ಅಜ್ಞರೆಂದು ಕರೆಯುತ್ತೇವೆ. ನಾವು ಮಾಡಿದುದು ಅದಕ್ಕಿಂತ ಬೇರೆಯಾಗಿರಲಿಲ್ಲ.

ಇದೇ ಪ್ರಶ್ನೆ ಒಮ್ಮೆ ಇಂಗ್ಲೆಂಡಿನ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು ಎರಡು ಸಲವೂ ಗೆದ್ದಿತ್ತು. ಬಳಿಕ ಬೇರೆ ಪಂದ್ಯಗಳಿಗಾಗಿ ಅದರ ಭಾಗಗಳು ಒಂದೊಂದಾಗಿ ಬದಲಾದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಅಪಘಾತಕ್ಕೀಡಾಗಿ, ಚಾಲಕನು ಮಡಿದ ಮೇಲೆ, ಅದನ್ನು ಮತ್ತೆ ಕಟ್ಟಲಾಯಿತು. ಮುಂದೆ ಒಂದು ಕೋಟಿ ಪೌಂಡುಗಳಿಗೆ ಕೊಳ್ಳಲು ಒಪ್ಪಿದವರು, ಇದು ನಿಜವಾದ ಕಾರಲ್ಲವೆಂದು ಹಿಂಜರಿದಾಗ ವ್ಯಾಜ್ಯವಾಯಿತು. 1990ರಲ್ಲಿ ನ್ಯಾಯಮೂರ್ತಿ ಆಟನ್ ಅವರು ಕೊಟ್ಟ ತೀರ್ಪು ಕುತೂಹಲಕಾರಿಯಾದುದು. ಪಂದ್ಯ ಗೆದ್ದ ಕಾರಿನ ಭಾಗಗಳು ಹೆಚ್ಚಾಗಿ ಉಳಿದಿಲ್ಲವಾದುದರಿಂದ ಇದನ್ನು ‘ಮೂಲ’ ಕಾರೆನ್ನಲಾಗದು. ಆದರೆ ಇದು ನಕಲೂ ಅಲ್ಲ. ಅದರ ಇತಿಹಾಸದ ಎಳೆ ಎಲ್ಲಿಯೂ ಕಡಿದಿಲ್ಲವಾದುದರಿಂದ ‘ಓಲ್ಡ್ ನಂಬರ್ ಒನ್’ ಎಂಬ ಹೆಸರಿಗೆ ಇದೇ ಹಕ್ಕುದಾರ ಎಂದು ಅವರು ನಿರ್ಣಯಿಸಿದರು.

ನ್ಯಾಯಾಲಯದ ಮುಂದಿದ್ದ ಪ್ರಶ್ನೆಗೆ ಈ ಉತ್ತರ ಸರಿಯೆಂದೇ ನಾವು ಭಾವಿಸುತ್ತೇವೆ. ಆದರೆ ವಿಜ್ಞಾನದ ಪ್ರಶ್ನೆ ಬೇರೆ. ಹೆಸರು ಮುಂದುವರಿಯಬಹುದು, ಸಾಕ್ಷ್ಯವು ಹಾಗೆ ಮುಂದುವರಿಯುವುದಿಲ್ಲ. ಸವೆದ ಬೇರಿಂಗೊಂದು ಭಾರ ಯಾವ ಕಡೆಗೆ ಬಿದ್ದಿತ್ತೆಂದು ಹೇಳುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿಯ ಮಸಿ ಪೆಟ್ರೋಲು ಹೆಚ್ಚಾಯಿತೆಂದೂ, ಅದರ ಬಿಳುಪು ಕಡಿಮೆಯಾಯಿತೆಂದೂ ತಿಳಿಸುತ್ತದೆ. ಮೂಲ ಬಣ್ಣದ ಪದರಗಳಲ್ಲಿ ಆ ಕಾಲದ ರಸಾಯನಶಾಸ್ತ್ರವಿದೆ. ಇವನ್ನೆಲ್ಲ ಗುಜರಿಗೆ ಹಾಕಿ ಹೊಸದನ್ನು ಜೋಡಿಸಿದರೆ ನಮ್ಮ ಕೈಯಲ್ಲಿ ಉಳಿಯುವುದು ಸುಂದರವಾದ ವಸ್ತು, ಆದರೆ ಮೂಕ ವಸ್ತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನ ಸಾರವೂ ಇದೇ. ಸಾಧ್ಯವಾದಷ್ಟು ಕಡಿಮೆ ಕೈ ಹಾಕು, ಇದ್ದುದನ್ನು ಉಳಿಸು, ಮಾಡಿದುದನ್ನೆಲ್ಲ ದಾಖಲಿಸು.

ಹಾಗಾದರೆ ಏನನ್ನೂ ಬದಲಾಯಿಸಕೂಡದೆ? ಹಾಗಲ್ಲ. ಜೀವಕ್ಕೆ ಸಂಬಂಧಿಸಿದುದು ಬದಲಾಗಲೇಬೇಕು. ಕೇವಲ ಕಣ್ಣಿಗೆ ಸಂಬಂಧಿಸಿದುದು ಬದಲಾಗಬೇಕಾಗಿಲ್ಲ. ಇದು ನಮ್ಮ ಸೂತ್ರ. ತೂತುಬಿದ್ದ ತೊಲೆ, ಬಿರಿದ ಬ್ರೇಕಿನ ರಬ್ಬರು ಕೊಳವೆ, ಹಳೆಯ ಟೈರು, ಪೆಟ್ರೋಲು ಒಸರುವ ನಳಿಗೆ — ಇವನ್ನು ಉಳಿಸುವುದು ಭಕ್ತಿಯಲ್ಲ, ಮೌಢ್ಯ. ಬ್ರೇಕಿನ ದ್ರವವು ಗಾಳಿಯಿಂದ ತೇವವನ್ನು ಹೀರಿಕೊಳ್ಳುವುದರಿಂದ ಅದರ ಕುದಿಯುವ ಬಿಂದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಕಾರನ್ನು ಓಡಿಸಲಿ ಬಿಡಲಿ, ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಆದರೆ ಮಾಸಿದ ಬಣ್ಣ, ಸುಕ್ಕಾದ ಚರ್ಮದ ಆಸನ, ಗೀರುಬಿದ್ದ ಗಡಿಯಾರದ ಗಾಜು ಯಾರನ್ನೂ ಕೊಲ್ಲವು. ಅವು ಇದ್ದಂತೆಯೇ ಇರಲಿ.

ಈ ಹವ್ಯಾಸದ ಮೇಲಿನ ಅತ್ಯಂತ ಗಂಭೀರವಾದ ಆಕ್ಷೇಪಣೆ ಹೊಗೆಯದು. ಹಳೆಯ ಕಾರಿನಲ್ಲಿ ವಿಷಾನಿಲಗಳನ್ನು ಶುದ್ಧಿಮಾಡುವ ವೇಗವರ್ಧಕವಿಲ್ಲ. ಒಂದು ಮೈಲಿಗೆ ಅದು ಉಗುಳುವ ಕಾರ್ಬನ್ ಮಾನಾಕ್ಸೈಡು ಇಂದಿನ ಕಾರಿಗಿಂತ ಎಷ್ಟೋ ಪಾಲು ಹೆಚ್ಚು. ಇದನ್ನು ಮುಚ್ಚಿಡಬಾರದು. ಒಂದು ಕಾಲದಲ್ಲಿ ಇದರೊಡನೆ ಸೀಸವೂ ಸೇರಿತ್ತು. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತವು ಎಂಜಿನು ಬಡಿದುಕೊಳ್ಳದಂತೆ ತಡೆಯುತ್ತಿದ್ದುದಲ್ಲದೆ, ವಾಲ್ವು ಮತ್ತು ಅದರ ಪೀಠದ ನಡುವೆ ಮೆತ್ತೆಯಂತೆ ನಿಂತು ಸವೆತವನ್ನೂ ತಪ್ಪಿಸುತ್ತಿತ್ತು. ಮಕ್ಕಳ ಮಿದುಳಿಗೆ ಕೇಡೆಂದು ಅದನ್ನು ತೆಗೆದಾಗ — ಬ್ರಿಟನ್ನಿನಲ್ಲಿಯೂ ನಮ್ಮ ದೇಶದಲ್ಲಿಯೂ 2000ದ ಹೊತ್ತಿಗೆ — ಹಳೆಯ ಕಾರುಗಳ ಕಥೆ ಮುಗಿಯಿತೆಂದು ಹಲವರು ಅಳುಕಿದರು. ಹವ್ಯಾಸಿಗಳು ಗಟ್ಟಿ ಲೋಹದ ವಾಲ್ವು ಪೀಠಗಳನ್ನು ಕೂರಿಸಿ ಸೀಸವಿಲ್ಲದ ಪೆಟ್ರೋಲಿನಲ್ಲಿಯೇ ಕಾರನ್ನು ಓಡಿಸಿದರು. ಈಗ ಪೆಟ್ರೋಲಿಗೆ ಎಥನಾಲು ಬೆರೆಯುತ್ತಿದೆ. ಎಥನಾಲಿನಲ್ಲಿ ಆಮ್ಲಜನಕ ಸೇರಿರುವುದರಿಂದ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರು ಕೊಳವೆಗಳೂ ಹಾಳಾಗುತ್ತವೆ. ಕೊಳವೆಗಳನ್ನು ಬದಲಾಯಿಸಿ, ಕಾರ್ಬ್ಯುರೇಟರನ್ನು ಮತ್ತೆ ಹದಗೊಳಿಸಬೇಕು. ಲೋಕದ ಆರೋಗ್ಯವು ಬಯಸುವ ಬದಲಾವಣೆಗೆ ಯಂತ್ರವು ಹೊಂದಿಕೊಳ್ಳಬೇಕೇ ಹೊರತು ಯಂತ್ರದ ಹಿತಕ್ಕಾಗಿ ಲೋಕವು ಹೊಂದಿಕೊಳ್ಳಬೇಕೆಂಬುದು ಸಲ್ಲದು. ಹಳೆಯ ಕಾರು ದಿನದ ವಾಹನವಾಗಬಾರದು. ಸೀಲುಗಳು ಒಣಗದಂತೆ, ಎಂಜಿನಿನಲ್ಲಿ ತೇವ ನಿಲ್ಲದಂತೆ ಆಗಾಗ್ಗೆ ಚೆನ್ನಾಗಿ ಬಿಸಿಯಾಗುವವರೆಗೆ ಓಡಿದರೆ ಸಾಕು.

ನಮ್ಮ ದೇಶದ ಕಾನೂನೂ ಈ ದಿಕ್ಕಿನಲ್ಲಿಯೇ ಹೆಜ್ಜೆಯಿಟ್ಟಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ, ಹೆಚ್ಚಿನ ಮಾರ್ಪಾಟಿಗೆ ಒಳಗಾಗದ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಅವಕ್ಕೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಸಂಖ್ಯಾಫಲಕ ದೊರೆಯುವುದು. ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಅವುಗಳನ್ನು ಬಳಸುವಂತಿಲ್ಲ. ಹೊಳಪನ್ನು ಕೇಳದೆ ಮೂಲರೂಪವನ್ನು ಕೇಳುವ ಈ ನಿಯಮವನ್ನು ನಾವು ಸ್ವಾಗತಿಸುತ್ತೇವೆ.

ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವೆಂದರೆ ವಿದ್ಯಾರ್ಥಿಗಳ ಎದೆ ಒಡೆಯಬಹುದು. ಅವರಿಗೆ ನಾವು ಹೇಳುವುದಿಷ್ಟು. ಈ ವಿದ್ಯೆಗೆ ಕ್ರೀಡಾ ಕಾರೇ ಬೇಕೆಂದಿಲ್ಲ. ಹಿತ್ತಿಲಲ್ಲಿ ನಿಂತಿರುವ ಹಳೆಯ ಅಂಬಾಸಡರು, ಚಿಕ್ಕಪ್ಪನ ಸ್ಕೂಟರು, ಅಟ್ಟದ ಮೇಲಿನ ಹೊಲಿಗೆಯಂತ್ರ ಯಾವುದಾದರೂ ಆದೀತು. ಹಳೆಯ ವಾಹನಕ್ಕೆ ಕೈ ಹಾಕುವವರು ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಜಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಅಡಿಗೆ ತೆವಳಬಾರದು, ಗಟ್ಟಿಯಾದ ಆಸರೆ ಕೊಟ್ಟಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ತಗ್ಗಿನಲ್ಲಿ ನಿಲ್ಲುವುದರಿಂದ ಹತ್ತಿರ ಕಿಡಿಯಿರಬಾರದು. ಹಳೆಯ ಬ್ರೇಕುಗಳ ಒಳಪದರದಲ್ಲಿ ಕಲ್ನಾರು ಇರಬಹುದು. ಶ್ವಾಸಕೋಶಕ್ಕೆ ಮಾರಕವಾದ ಆ ದೂಳನ್ನು ಊದಬಾರದು, ಒಣಗಿದಂತೆ ಒರೆಸಲೂಬಾರದು. ಅದನ್ನು ಅನುಭವಿಗೇ ಬಿಡುವುದು ಲೇಸು.

ಇನ್ನೊಂದು ಮಾತು. ಮೊದಲ ಬೋಲ್ಟನ್ನು ಸಡಿಲಿಸುವುದಕ್ಕೆ ಮುಂಚೆ ಒಂದು ನೋಟುಪುಸ್ತಕವನ್ನು ತೆರೆಯಿರಿ. ಯಾವುದು ಎಲ್ಲಿತ್ತು, ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿತ್ತು, ಏನು ಸವೆದಿತ್ತು ಎಂಬುದನ್ನು ಚಿತ್ರ ಸಮೇತ ಬರೆದಿಡಿರಿ. ಹೊಸ ಭಾಗವನ್ನು ಹಾಕಿದಾಗ ಹಳೆಯದನ್ನು ಎಸೆಯದೆ, ತಾರೀಖಿನ ಚೀಟಿ ಕಟ್ಟಿ ಡಬ್ಬಿಯಲ್ಲಿ ಇಡಿರಿ. ಮುಂದೆ ಆ ಯಂತ್ರ ಇನ್ನೊಬ್ಬರ ಕೈಗೆ ಹೋದಾಗ ಪುಸ್ತಕವೂ ಡಬ್ಬಿಯೂ ಅದರೊಡನೆ ಹೋಗಲಿ. ನಮ್ಮ ಸೈಕಲ್ಲಿನ ಚಿನ್ನದ ಗೆರೆಯನ್ನು ನಾವು ಅಂದು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದರೂ ಸಾಕಾಗಿತ್ತು. ಇಂದು ಅದು ಎಲ್ಲಿಂದ ಎಲ್ಲಿಗೆ ಹಾದಿತ್ತೆಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ.